ಕೇನ್ ಬಡಗಿಯ ಹಲಗೆ

ಬುವಾಲಾ ಮುದುಕಿ ಬೆಟ್ಟದ ಐದನೆ ಸುತ್ತಿನಲ್ಲಿ ದಾರಿಗೆ ಅಡ್ಡ ಕೂತ ದಿನ ಮೇಲಿನ ಗುಹೆಗಳ ಭಿಕ್ಷುಗಳು ಉಪವಾಸ ಬೀಳುವುದರಲ್ಲಿದ್ದರು. ನಮ್ಮೂರಲ್ಲಿ ಆ ಕತೆಯನ್ನು ಈಗಲೂ ನಗುತ್ತಾ ಹೇಳುತ್ತಾರೆ. ನಗುವವರಲ್ಲಿ ಅರ್ಧ ಜನ ಅವತ್ತು ಅಲ್ಲಿರಲೇ ಇಲ್ಲ. ಇದ್ದವರು ಅಷ್ಟಾಗಿ ನಗುವುದಿಲ್ಲ.

ಬುವಾಲಾ ಜಾಡಿಯಲ್ಲಿ ಮೀನು ಹುದುಗಿಸಿ ಮಾರುವವಳು. ಗಾಳಿ ಸರಿಯಾಗಿ ಬೀಸಿದರೆ ಯಾರನ್ನೂ ದಾರಿ ಕೇಳದೆ ಅವಳ ಮನೆ ಮುಟ್ಟಬಹುದಿತ್ತು. ಬಾಯಿ ಜೋರು. ಸಂತೆಯಲ್ಲಿ ಅವಳ ಹತ್ತಿರ ಚೌಕಾಸಿ ಮಾಡಲು ಹೋದವರು ತಮ್ಮ ಅಜ್ಜ ಮುತ್ತಜ್ಜಂದಿರ ಜಾತಕವನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದರು. ಆದರೆ ಗಂಡನ ಮುಂದೆ ಅವಳ ದನಿ ಏರಿದ್ದನ್ನು ಯಾರೂ ಕೇಳಿದ್ದಿಲ್ಲ.

ಗಂಡ ಕೇನ್, ಬಡಗಿ. ಫು ಲೋಮ್ ಬೆಟ್ಟದ ಹಲಗೆದಾರಿ ಕಟ್ಟಿದವರಲ್ಲಿ ಅವನೊಬ್ಬ. ಹುಡುಗನಾಗಿದ್ದಾಗಲೇ ಮೇಲಿನ ಗುಹೆಗಳ ದೊಡ್ಡ ಗುರುಗಳ ಹಿಂದೆ ಹಗ್ಗ ಹಿಡಿದು ಹತ್ತಿದ್ದ. ಬಂಡೆಗೆ ತೂತು ಕೊರೆದು, ತೊಲೆ ಸಿಗಿಸಿ, ಅದರ ಮೇಲೆ ಹಲಗೆ ಹಾಸಿ, ಒಂದು ಕಡೆ ಕಲ್ಲು ಇನ್ನೊಂದು ಕಡೆ ಬರೀ ಗಾಳಿ ಇರುವಲ್ಲಿ ಮನುಷ್ಯರು ನಡೆಯುವ ಹಾಗೆ ಮಾಡಿದವರು ಅವರು. ಕೇನ್‌ಗೆ ಮಾತು ಕಡಿಮೆ, ಬಿಗುಮಾನ ಜಾಸ್ತಿ. ಅವನ ಉಳಿ, ಗರಗಸ, ಬಾಚಿಗಳನ್ನು ಯಾರೂ ದಾಟುವಂತಿರಲಿಲ್ಲ. ಮಲಗಿದ್ದಾಗ ಅವನ ಕಾಲನ್ನು ಬೆಕ್ಕು ದಾಟಿದರೂ ಎದ್ದು ಕೂತು ಬೈಯುತ್ತಿದ್ದ.

ನಮ್ಮ ಕಡೆಯ ಹಳೇ ಹೆಂಗಸರಿಗೆ ಒಂದು ಪದ್ಧತಿ ಇತ್ತು. ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ ಬಂತೆಂದರೆ ಒಂದು ಜೊತೆ ಹೂವು, ಒಂದು ಜೊತೆ ಮೇಣದ ಬತ್ತಿ ಹಿಡಿದು ಗಂಡನ ಕಾಲಿಗೆ ಬೀಳುವುದು. “ಕಾಯಾ ವಾಚಾ ಮನಸಾ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ” ಅನ್ನುವುದು. ಈಗಿನ ಸೊಸೆಯಂದಿರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬುವಾಲಾ ಮಾತ್ರ ಮದುವೆಯಾದಾಗಿನಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಕೇನ್ ಹೂವು ತಗೊಂಡು ತಲೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಆಮೇಲೆ ಅವನದು ಒಂದೇ ಮಾತು. “ಹೂಂ. ಆಯ್ತು, ಏಳು. ಅನ್ನ ಆರ್ತದೆ.”

ಇಷ್ಟೆಲ್ಲ ಕ್ಷಮೆ ಕೇಳುವಂಥ ತಪ್ಪು ಅವಳು ಮಾಡಿದ್ದೇನು? ಒಂದೇ. ಮದುವೆಯಾದ ಹೊಸದರಲ್ಲಿ, ಅಂಗಳದಲ್ಲಿ ಬಿದ್ದಿದ್ದ ಗರಗಸವನ್ನು ನೋಡದೆ ದಾಟಿದ್ದಳು. ತಲೆ ಮೇಲೆ ನೀರಿನ ಕೊಡ, ನೆಲ ಕಂಡಿರಲಿಲ್ಲ. ಕೊಡ ಇಳಿಸಲು ಅವಳು ಬಗ್ಗುವುದಕ್ಕೂ ಕೇನ್ ಬಂದು ಒದೆಯುವುದಕ್ಕೂ ಸರಿಹೋಯಿತು. ಕಾಲು ತಲೆಗೆ ತಾಗಿತು. ಕೆಲಸಕ್ಕೆ ಬಂದ ಆಳುಗಳೆಲ್ಲ ನೋಡುತ್ತಿದ್ದರು. ಹೊಡೆತ ಬೇರೆ, ಒದೆ ಬೇರೆ. ತಲೆಗೆ ಕಾಲು ತಾಗಿಸುವುದನ್ನು ನಮ್ಮಲ್ಲಿ ಹಗೆಯವನಿಗೂ ಮಾಡುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಯಾರೋ ಗಂಡಸೇ ಇರಬೇಕು. ಅವತ್ತೂ ಇಬ್ಬರೂ ಉಂಡರು, ಮಲಗಿದರು. ಮುಂದಿನ ಅಷ್ಟಮಿಗೆ ಗರಗಸ ದಾಟಿದ್ದಕ್ಕೆ ಅವಳೇ ಅವನ ಕಾಲಿಗೆ ಬಿದ್ದಳು. ಅವನು “ಆಯ್ತು, ಏಳು” ಅಂದ. ಒದ್ದದ್ದರ ಮಾತು ಅವನ ಬಾಯಲ್ಲಿ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳು ಕಾಯುತ್ತಿದ್ದಳು. ಮಕ್ಕಳಾದರು, ಮೊಮ್ಮಕ್ಕಳಾದರು, ಅವಳು ಕಾಯುತ್ತಲೇ ಇದ್ದಳು. ತಾನು ಹೀಗೆ ಕಾಯುತ್ತಿರುವುದನ್ನು ಅವಳು ಮಗಳು ವಾನ್‌ಪೆನ್‌ಗೆ ಒಬ್ಬಳಿಗೇ, ಒಂದೇ ಸಲ ಹೇಳಿದ್ದಳು.

ಕೇನ್ ಹಸಿ ಮೀನು ತಿಂದು ಕಳ್ಳು ಕುಡಿಯುವ ಚಟದವನು. ಅದೇ ಪಿತ್ತಕೋಶ ತಿಂದಿತು ಅಂದರು ಆಸ್ಪತ್ರೆಯವರು. ಇನ್ನು ಮಾಡುವುದೇನೂ ಇಲ್ಲವೆಂದು ಮಕ್ಕಳು ಮನೆಗೆ ಕರೆದುಕೊಂಡು ಬಂದರು. ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಲ್ಲಿ ಕೂತು ಅವನು ಒಂದು ಕೆಂಪು ತಿರುಳಿನ ಹಲಗೆ ಕೀಸತೊಡಗಿದ. ಎಷ್ಟೋ ವರ್ಷದಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಹಲಗೆ. ಒಂದು ಗಳಿಗೆ ಕೀಸುವುದು, ಒಂದು ಗಳಿಗೆ ಮಲಗುವುದು. ಕೊನೆಗೆ ಉಳಿ ಹಿಡಿದು ತನ್ನ ಹೆಸರನ್ನು ಆಳವಾಗಿ ಕೆತ್ತಿದ.

“ಬೆಟ್ಟಕ್ಕೆ ಕೊಡ್ತೀನಿ. ಲುನ್ ಹಾಕ್ತಾನೆ” ಅಂದ. ಲುನ್ ಅವನ ಕೈಕೆಳಗೆ ಕೆಲಸ ಕಲಿತು, ಅವನ ಜೊತೆಗೇ ಮುದುಕನಾದವನು.

ಬೆಟ್ಟಕ್ಕೆ ದಾನ ಕೊಟ್ಟವರ ಹೆಸರೆಲ್ಲ ಬಂಡೆಗೋಡೆಯ ಮೇಲೆ ಸಾಲಾಗಿರುತ್ತವೆ. ಗಂಡನ ಹೆಸರೂ ಅಲ್ಲಿ, ತಲೆಗಿಂತ ಮೇಲೆ, ಕೈ ಮುಗಿಯುವ ಎತ್ತರದಲ್ಲಿ ಇರುತ್ತದೆ ಅಂದುಕೊಂಡಳು ಬುವಾಲಾ. ಕೇನ್ ಸತ್ತ. ಲುನ್ ಹಲಗೆ ಹೊತ್ತುಕೊಂಡು ಹೋದ. ಬುವಾಲಾ ಮಂಡಿನೋವಿನವಳು, ಹತ್ತಿ ನೋಡಲಿಲ್ಲ. ಸಂತೆಯಲ್ಲಿ ಮಾತ್ರ ಮೀನು ತೂಗುವಾಗೆಲ್ಲ, “ನಮ್ಮೋರ ಹೆಸರು ಬೆಟ್ಟದ ಮೇಲಿದೆ, ನೋಡಿದ್ರಾ?” ಅಂತ ಕೇಳುತ್ತಿದ್ದಳು. ನೋಡಿದ್ದವರು, “ನೋಡಿದ್ವಿ ನೋಡಿದ್ವಿ” ಅಂದು ಬೇಗ ಬೇಗ ಮೀನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವರು ಯಾಕೆ ಅಷ್ಟು ಅವಸರ ಮಾಡುತ್ತಿದ್ದರೆಂದು ಅವಳಿಗೆ ತಿಳಿದದ್ದು ನೂರು ದಿನದ ಪುಣ್ಯಕಾರ್ಯದ ಬೆಳಿಗ್ಗೆ.

ಅವತ್ತು ಬಿಸಿ ಅಂಟಕ್ಕಿ ಅನ್ನವನ್ನು ಬಿದಿರಿನ ಬುಟ್ಟಿಗೆ ತುಂಬಿ, ಮಗಳ ಭುಜ ಹಿಡಿದು ಹೊರಟಳು. ಮೇಲಿನ ಗುಹೆಗಳ ಭಿಕ್ಷುಗಳಿಗೆ ದಿನಕ್ಕೆ ಒಂದೇ ಊಟ, ಅದೂ ಬೆಳಿಗ್ಗೆ. ಅದು ಹೋಗುವುದು ಆ ಹಲಗೆದಾರಿಯಲ್ಲೇ. ರಜಾದಿನ ಬೇರೆ, ಪೇಟೆಯ ಜನ ತುಂಬಿದ್ದರು. ಏಣಿ ಹತ್ತಿ, ಕೂತು, ಮಂಡಿಗೆ ಶಾಪ ಹಾಕಿ, ಮತ್ತೆ ಹತ್ತಿ ಐದನೆ ಸುತ್ತಿಗೆ ಬಂದಳು. ಬಂಡೆಗೋಡೆಯ ಹೆಸರುಗಳನ್ನೆಲ್ಲ ಮಗಳಿಂದ ಓದಿಸಿದಳು. ಕೇನ್ ಇರಲಿಲ್ಲ.

“ಎಲ್ಲಿ ಹಾಕಿದ್ದಾನೋ ಈ ಲುನ್” ಅಂದಳು.

ವಾನ್‌ಪೆನ್ ಕೆಳಗೆ ನೋಡುತ್ತಿದ್ದಳು. ದಾರಿ ತಿರುಗುವ ಮೂಲೆಯಲ್ಲಿ, ಒಬ್ಬರು ಮಾತ್ರ ಹಾಯುವಷ್ಟು ಜಾಗದಲ್ಲಿ, ಹಳೇ ಹಲಗೆಗಳ ನಡುವೆ ಒಂದು ಕೆಂಪು ಹಲಗೆ. ಮುಂದೆ ಹೋಗುತ್ತಿದ್ದ ಪೇಟೆ ಹುಡುಗಿಯೊಬ್ಬಳು ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಅವಳ ಬೂಟಿನ ಕೆಳಗೆ ಕೇನ್ ಅಂತ ಇತ್ತು.

“ಏ! ಇಳಿಯೇ! ಇಳಿಯೇ ಅದರ ಮೇಲಿಂದ!”

ಹುಡುಗಿ ಹೆದರಿ ಹಾರಿದಳು. ಬುವಾಲಾ ತನ್ನ ಮೇಲುವಸ್ತ್ರ ತೆಗೆದು ಹೆಸರಿನ ಮೇಲೆ ಹಾಸಿದಳು. ಪಕ್ಕದ ಹಲಗೆಯ ಮೇಲೆ, ದಾರಿಗೆ ಅಡ್ಡಲಾಗಿ, ಅನ್ನದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು.

“ಇದನ್ನ ಕಿತ್ತು, ಹೆಸರು ಅಡಿಗೆ ಬರೋ ಹಾಗೆ ತಿರುವಿ ಹಾಕೋವರೆಗೂ ನಾನು ಏಳಲ್ಲ. ಕರೀರಿ ಆ ಲುನ್‌ನ.”

“ಅಮ್ಮಾ, ಜನ ನೋಡ್ತಿದಾರೆ” ಅಂದಳು ವಾನ್‌ಪೆನ್.

“ನೋಡ್ಲಿ. ಇಷ್ಟು ದಿನ ತುಳಿದ್ರಲ್ಲ, ಈಗ ನೋಡ್ಲಿ.”

ಈ ಕಡೆ ಊಟದ ಕ್ಯಾರಿಯರ್ ಹಿಡಿದ ಹೆಂಗಸರು, ಆ ಕಡೆ ಇಳಿಯಬೇಕಾದವರು, ಎರಡೂ ಕಡೆ ಸಾಲು ಬೆಳೆಯಿತು. ಇಣುಕಿ ನೋಡೋಣವೆಂದರೆ ಪಕ್ಕದಲ್ಲಿ ಪಾತಾಳ. ಎಲ್ಲರೂ ಬಂಡೆಗೆ ಬೆನ್ನು ಅಂಟಿಸಿಕೊಂಡೇ ಜಗಳ ಕೇಳಿದರು. ಸಾಲಿನಲ್ಲಿದ್ದ ಒಬ್ಬ ದಪ್ಪ ಹೆಂಗಸಿಗೆ ತಡೆಯಲಾಗಲಿಲ್ಲ.

“ಅಜ್ಜೀ, ನಿನ್ನ ಉಡುಗೆ ಅಂಚು ನಿನ್ನ ಗಂಡನ ಮೇಲೇ ಬಿದ್ದಿದೆ ನೋಡು. ನಾವು ಕಾಲಿಟ್ರೆ ಪಾಪ, ನೀನು ಕೂತ್ರೆ ಪುಣ್ಯಾನಾ?”

ಹೆಂಗಸರ ಉಡುಗೆಯ ಅಂಚು ಗಂಡಸಿನ ಹೆಸರಿನ ಮೇಲೆ! ನಮ್ಮಲ್ಲಿ ಅದೂ ಮೈಲಿಗೆಯೇ. ಬುವಾಲಾ ಸರಕ್ಕನೆ ಸರಿದುಕೊಂಡಳು. ಸಾಲು ಪೂರ್ತಿ ನಕ್ಕಿತು. ಅವಳ ಕಣ್ಣಲ್ಲಿ ನೀರು ಬಂದದ್ದು ಆ ನಗುವಿಗೆ. ಅಲ್ಲಿಯವರೆಗೆ ಅವಳಿಗೆ ಬರೀ ಸಿಟ್ಟು ಇತ್ತು.

ಲುನ್ ಏದುಸಿರು ಬಿಡುತ್ತಾ ಬಂದ. ಅವನನ್ನು ಕಂಡದ್ದೇ ಬುವಾಲಾಳ ಸಂತೆಯ ಬಾಯಿ ತೆರೆಯಿತು.

“ಬಾರಪ್ಪಾ ಬಾ, ಕಣ್ಣಿಲ್ಲದ ಕೋಣ! ಅನ್ನ ಹಾಕಿ ಕೆಲಸ ಕಲಿಸಿದೋನ ಹೆಸರನ್ನ ನೆಲಕ್ಕೆ ಹಾಕಿದೀಯಲ್ಲೋ! ಅದು ಗೋಡೆಗೆ ಹಾಕೋ ಹಲಗೆ ಅಂತ ನಿನಗೆ ತಿಳೀಲಿಲ್ವಾ? ಯಾವ ಕಳ್ಳು ಕುಡಿದಿದ್ದೆ ಅವತ್ತು?”

“ಅತ್ತಿಗೆ…”

“ಅತ್ತಿಗೆ ಅನ್ನಬೇಡ! ಬೆಕ್ಕು ದಾಟಿದ್ರೂ ಸಹಿಸ್ತಿರ್ಲಿಲ್ಲ ಅವರು. ಈಗ ಊರಿನ ನಾಯಿ ನರಿಯೆಲ್ಲ ದಾಟ್ತಿವೆ. ನಾನು ಸತ್ತು ಮೇಲೆ ಹೋದಾಗ ಏನಂತ ಮುಖ ತೋರಿಸ್ಲಿ?”

ಲುನ್ ತಲೆ ಬಗ್ಗಿಸಿ ನಿಂತ. ಬೈಗುಳ ಮುಗಿಯಲಿಲ್ಲ. ತನ್ನದು ತಪ್ಪಾಯಿತು ಅಂತಲೂ ಅನ್ನಲಿಲ್ಲ, ಉಳಿಯನ್ನೂ ತೆಗೆಯಲಿಲ್ಲ. ಅದು ಬುವಾಲಾಳಿಗೆ ಇನ್ನೂ ಉರಿ ಹತ್ತಿಸಿತು.

ಅಷ್ಟರಲ್ಲಿ ಮೇಲಿಂದ ದೊಡ್ಡ ಗುರುಗಳು ಊರುಗೋಲು ಹಿಡಿದು ಇಳಿದು ಬಂದರು. ಆ ಕಡೆಯ ಸಾಲು ಬಂಡೆಗೆ ಇನ್ನಷ್ಟು ಅಂಟಿಕೊಂಡು ದಾರಿ ಬಿಟ್ಟಿತು. ಗುರುಗಳು ಕೆಂಪು ಹಲಗೆಯಿಂದ ಆಚೆಗೆ ನಿಂತರು.

“ಇವತ್ತು ನಾವು ಉಣ್ಣಬೇಕಾ ಬೇಡ್ವಾ ತಾಯಿ?”

ಬುವಾಲಾ ಕೂತಲ್ಲೇ ಕೈ ಮುಗಿದಳು. “ಗುರುಗಳೇ, ನಿಮ್ಮನ್ನ ಉಪವಾಸ ಕೆಡವಿದ ಪಾಪ ನನಗೇ ಬರ್ಲಿ. ಇದನ್ನ ತಿರುವಿ ಹಾಕಿಸಿ. ಒಂದೇ ಮಾತು.”

“ತಿರುವಿದ್ರಾಯ್ತು. ಆದ್ರೆ ಹಾಕಿಸಿದೋನು ಏನು ಹೇಳಿದ್ದ ಅನ್ನೋದನ್ನ ಮೊದಲು ಕೇಳು.” ಗುರುಗಳು ಲುನ್ ಕಡೆ ತಿರುಗಿದರು. “ಇನ್ನೂ ಎಷ್ಟು ಬೈಸ್ಕೊಳ್ತೀಯೋ? ಹೇಳು.”

“ಆಣೆ ಹಾಕಿಸಿಕೊಂಡಿದ್ದ ಗುರುಗಳೇ. ಅವಳಾಗಿ ಬರೋವರೆಗೂ ಬಾಯಿ ಬಿಡಬೇಡ ಅಂತ.”

“ಬಂದಿದ್ದಾಳಲ್ಲ. ಎದುರಿಗೇ ಕೂತಿದ್ದಾಳೆ.”

ಲುನ್ ಹಲಗೆಯನ್ನು ನೋಡುತ್ತಲೇ ಮಾತಾಡಿದ.

“ಅತ್ತಿಗೆ, ನಾನು ಕುರುಡನಲ್ಲ. ಗೋಡೆಗೆ ಹಾಕ್ತೀನಿ ಅಂದಿದ್ದಕ್ಕೆ ಆ ಸ್ಥಿತೀಲೂ ನನ್ನ ಬೈದ. ಜನ ತುಳಿಯೋ ಕಡೆ ಹಾಕು, ಯಾರೂ ಪಕ್ಕಕ್ಕೆ ಸರಿದು ಹೋಗೋಕಾಗದ ಕಡೆ ಹಾಕು ಅಂದ. ಯಾಕಣ್ಣ ಅಂದೆ. ‘ಗರಗಸದ ದಿನ ನೀನೂ ಅಲ್ಲಿದ್ಯಲ್ಲ’ ಅಂದ.”

ಬುವಾಲಾ ಬುಟ್ಟಿ ಗಟ್ಟಿಯಾಗಿ ಹಿಡಿದುಕೊಂಡಳು.

“‘ನನ್ನ ಕಾಲು ಅವಳ ತಲೆಗೆ ತಾಗಿತು. ಅವಳ ಕಾಲು ನನ್ನ ಮೇಲೆ ಬೀಳಬೇಕು. ಬದುಕಿದ್ದಾಗ ಹೇಳಿದ್ರೆ ಅವಳು ಇಡಲ್ಲ, ಪಾಪ ಅಂತಾಳೆ. ಅವಳ ಕಾಲು ಬಿದ್ದ ಮೇಲೆ ಬೇಕಾದ್ರೆ ತಿರುವಿ ಹಾಕು’ ಅಂದ. ಇಷ್ಟೇ ಅತ್ತಿಗೆ. ಊರೋರು ತುಳಿಯೋದು ಅವನಿಗೆ ಲೆಕ್ಕಕ್ಕಿರ್ಲಿಲ್ಲ. ನಿಮಗೋಸ್ಕರ ಕಾಯ್ತಿದ್ದ.”

ಯಾರೂ ನಗಲಿಲ್ಲ. ಎಲ್ಲರಿಗೂ ಒದೆಯ ಕತೆ ಗೊತ್ತಿರಲಿಲ್ಲ; ಗೊತ್ತಿದ್ದ ಒಂದಿಬ್ಬರು ಮುದುಕಿಯರು ಬಂಡೆಯ ಕಡೆ ಮುಖ ತಿರುಗಿಸಿದರು.

ಬುವಾಲಾ ಅಳುತ್ತಾಳೆ ಅಂದುಕೊಂಡಳು ವಾನ್‌ಪೆನ್. ಬುವಾಲಾ ಅಳಲಿಲ್ಲ, ಸಿಡಿದಳು.

“ಬಾಯಿಗೇನಾಗಿತ್ತು ಅವನಿಗೆ?” ಆ ಮಾತಿನಲ್ಲಿ ಗಂಡ ಮೊದಲ ಸಲ ‘ಅವನು’ ಆಗಿದ್ದ. “ಪಕ್ಕದಲ್ಲೇ ಬಿದ್ದಿದ್ದೆನಲ್ಲ ಇಷ್ಟು ವರ್ಷ! ಗಂಜಿ ಕುಡಿಸೋವಾಗ ಹೇಳಬಹುದಿತ್ತು. ಮೈ ಒರೆಸೋವಾಗ ಹೇಳಬಹುದಿತ್ತು. ನಿನಗೆ ಹೇಳಿದ, ಮರಕ್ಕೆ ಹೇಳಿದ. ನನಗೆ ಹೇಳೋಕೆ ಅವನಿಗೆ ನಾಲಗೆ ಬಿದ್ದುಹೋಗಿತ್ತಾ?”

“ಅವನು ಅಂಥೋನೇ ಅಲ್ವಾ ಅತ್ತಿಗೆ.”

“ಹೌದು. ಅಂಥೋನೇ” ಅಂದಳು ಬುವಾಲಾ. ಮಗಳ ಕಡೆ ಕೈ ಚಾಚಿದಳು. “ಎಬ್ಬಿಸು ನನ್ನ.”

ಎದ್ದು ನಿಂತಳು. ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು, ಬಗ್ಗಿ, ಹೆಸರಿನ ಮೇಲೆ ಹಾಸಿದ್ದ ಮೇಲುವಸ್ತ್ರ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡಳು. ಕೆಂಪು ಮರದಲ್ಲಿ ಕೆತ್ತಿದ್ದ ಹೆಸರಿನ ಅಂಚು ಇಷ್ಟು ದಿನದ ಓಡಾಟಕ್ಕೆ ಆಗಲೇ ನುಣ್ಣಗಾಗಿತ್ತು. ಚಪ್ಪಲಿ ಬಿಡಲು ಕಾಲು ಎಳೆದುಕೊಂಡಳು. ಬಿಡಲಿಲ್ಲ. ಮತ್ತೆ ಏನೋ ಯೋಚಿಸಿ ಬಿಟ್ಟಳು. ಬರಿಗಾಲನ್ನು ಹೆಸರಿನ ಮೇಲೆ ಇಟ್ಟಳು. ಇನ್ನೊಂದು ಕಾಲನ್ನೂ ಇಟ್ಟಳು. ಬಂಡೆಯನ್ನು ಹಿಡಿಯದೆ ಎರಡೂ ಕಾಲೂರಿ ಪೂರ್ತಿ ಭಾರ ಬಿಟ್ಟು ನಿಂತಳು.

ಲುನ್ ಈಗ ಉಳಿ ತೆಗೆದ. “ಅತ್ತಿಗೆ, ಆಯ್ತಲ್ಲ. ತಿರುವಿಬಿಡ್ಲಾ?”

“ತಡಿಯೋ. ನಾನು ಹೇಳೋದು ಇನ್ನೂ ಇದೆ.”

ಅವಳು ತಲೆ ಬಗ್ಗಿಸಿ ಕಾಲ ಕೆಳಗೆ ನೋಡಿದಳು. ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತೇ ಅವಳಿಗೆ ಬಂತು.

“ಹೂಂ. ಆಯ್ತು, ಏಳು” ಅಂದಳು. “ಅನ್ನ ಆರ್ತದೆ.”