ಅಪ್ಪನಿಗೆ ಗುರು, ಅವ್ವನಿಗೆ ಅಕ್ಕ

ಹೋದ ತಿಂಗಳು ದೊಡ್ಡಬೆಳವಂಗಲದಲ್ಲಿ ನಮ್ಮ ಪಕ್ಕದ ಮನೆಯ ಮಲ್ಲೇಶನ ಮಗಳು ಚೈತ್ರಾಳನ್ನು ನೋಡಲು ಸಮೇತನಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಪ್ರದೀಪ, ಅವನಪ್ಪ ಕೃಷ್ಣಪ್ಪ, ಜೊತೆಗೊಬ್ಬ ಅಜ್ಜಿ. ಈ ಕಡೆ ಮಲ್ಲೇಶ, ಅವನ ಹೆಂಡತಿ ಮತ್ತು ನಾನು. (ಇಂಥ ಕಡೆ ಪಕ್ಕದ ಮನೆಯ ಹಿರಿಯನೊಬ್ಬ ಇರಲೇಬೇಕು. ಉಪ್ಪಿಟ್ಟು ಚೆನ್ನಾಗಿದೆ ಅನ್ನುವುದು ಅವನ ಕೆಲಸ.)

ಹುಡುಗ ಹುಡುಗಿ ಫೋನಿನಲ್ಲೇ ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ಕೃಷ್ಣಪ್ಪನವರ 'ಹೂಂ' ಮಾತ್ರ.

ಚೈತ್ರಾ ಎಲ್ಲರಿಗೂ ಕಾಫಿ ಕೊಟ್ಟು, ಕೊನೆಯ ಲೋಟವನ್ನು ಅಪ್ಪನ ಕೈಗಿಟ್ಟಳು.

"ಗುರು, ಇದು ನಿಂದು. ಸಕ್ಕರೆ ಹಾಕಿಲ್ಲ."

ಗುರು! ಅದೂ ಬೀಗರಾಗುವವರ ಮುಂದೆ.

ಕೃಷ್ಣಪ್ಪ ಲೋಟ ಕೆಳಗಿಟ್ಟರು. "ಅಪ್ಪನ್ನೇ ಗುರು ಅನ್ನೋಳು ನಾಳೆ ನನ್ನ ಮಚ್ಚಾ ಅನ್ನಲ್ವಾ? ನಮ್ ಪ್ರದೀಪ ಇವತ್ತಿಗೂ ಡ್ಯಾಡಿ ಅಂತ ಮರ್ಯಾದೆಯಾಗಿ ಮಾತಾಡಿಸ್ತಾನೆ." ಅಜ್ಜಿಯ ಕಡೆ ತಿರುಗಿದರು. "ನಡಿ ಅಕ್ಕ, ಹೊರಡಣ."

ಚೈತ್ರಾಳ ಮುಖ ಬಾಡಿತು. ಮಲ್ಲೇಶನ ಹೆಂಡತಿ ಹೇಗಾದರೂ ತಡೆಯಬೇಕಲ್ಲ, "ನಿಮ್ಮಕ್ಕೋರು ಇನ್ನೂ ಕಾಫೀನೇ ಮುಗಿಸಿಲ್ಲ" ಅಂದಳು.

"ಅಕ್ಕ ಅಲ್ಲ. ನಮ್ಮವ್ವ."

"ಅವ್ವನ್ನ ಅಕ್ಕ ಅಂತೀರಾ?" ಎಂದೆ ನಾನು.

ಅಜ್ಜಿ ನಕ್ಕಿತು. "ನಮ್ದು ಕೂಡು ಸಂಸಾರ ಕಣಪ್ಪಾ. ವಾರಗಿತ್ತೀರೆಲ್ಲ ಅಕ್ಕ ಅಂತಿದ್ರು, ಇವ್ನೂ ಹಂಗೇ ಕಲ್ತ. ಅವ್ರಪ್ಪನ್ನ ಸಾಯೋಗಂಟ ಅಣ್ಣ ಅಂತ್ಲೇ ಕರ್ದ. ಯಾರೂ ಕಾಫಿ ಬಿಟ್ಟು ಎದ್ದೋಗ್ಲಿಲ್ಲ."

ಆಮೇಲೆ ಮಗನಿಗೆ: "ಆ ಹುಡ್ಗಿಗೆ ಅಪ್ಪನ ಲೋಟ ಯಾವ್ದು ಅಂತ ಗೊತ್ತು. ನಿಂಗೂ ಸಕ್ಕರೆ ಕಾಯಿಲೆ ಐತೆ. ನಿನ್ನ ಡ್ಯಾಡಿ ಅಂತ ಕರ್ಯೋನು ನೀನು ಸಕ್ಕರೆ ಕಾಫಿ ಕುಡಿಯೋದ್ನೇ ನೋಡ್ಕೊಂಡು ಕೂತವ್ನೆ. ಕೂತ್ಕೋ ಸುಮ್ಕೆ."

ಪ್ರದೀಪ ನೆಲ ನೋಡಿದ. ಕೃಷ್ಣಪ್ಪ ಅರ್ಧ ಖಾಲಿಯಾಗಿದ್ದ ಲೋಟ ನೋಡಿ, ಕೂತರು.

ನಮ್ಮ ಕಾಲದಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ 'ಊಟ ಆಯ್ತಾ?' ಎಂದು ಮಾತಾಡಿಸುತ್ತಿದ್ದೆವು. ಈಗಿನವರದು 'ಏನ್ ಗುರು.' ನಮ್ಮದೇ ಮೇಲು ಅಂತ ಬೀಗುತ್ತೇವಲ್ಲ, ಊಟ ಆಗಿಲ್ಲ ಅಂದವರಿಗೆಲ್ಲ ನಾವೇನು ಎಲೆ ಹಾಕಿ ಬಡಿಸಿದೆವಾ? ಕರೆಯುವ ಹೆಸರು ಮನೆಮನೆಗೂ ಬೇರೆ, ಕಾಲಕಾಲಕ್ಕೂ ಬೇರೆ. ಕರೆದವರ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡಿ, ಸಾಕು.

ಮೊನ್ನೆ ಸಮೇತನಹಳ್ಳಿಯಲ್ಲಿ ನಿಶ್ಚಿತಾರ್ಥವಾಯಿತು. ಊಟದ ನಂತರ ಕಾಫಿ ಬಂತು. ಪ್ರದೀಪ ಒಳಗಿನಿಂದ ಬೇರೊಂದು ಲೋಟ ತಂದು ಅಪ್ಪನ ಮುಂದೆ ಹಿಡಿದ. "ಡ್ಯಾಡಿ, ಇದು ನಿಮ್ದು. ಸಕ್ಕರೆ ಇಲ್ಲ."

ಕೃಷ್ಣಪ್ಪ ಒಮ್ಮೆ ಅಜ್ಜಿಯ ಕಡೆ ನೋಡಿ, ಲೋಟ ತೆಗೆದುಕೊಂಡು ಮಗನಿಗೆ ಹೇಳಿದರು: "ಥ್ಯಾಂಕ್ಸ್ ಗುರು."