ಹೆತ್ತವಳಿಗೊಂದು ಹಂಡೆ ಲಕ್ಕಿ ನೀರು

ಹಳ್ಳಕ್ಕೆ ಇಳಿಯುವ ಮೊದಲು ಅಂಜಮ್ಮ ಒಂದು ಗಳಿಗೆ ನಿಂತು ಕಿವಿಗೊಡುತ್ತಾರೆ. ಆಚೆ ದಂಡೆಯಲ್ಲಿ ಬಿದಿರು ಮುರಿಯುವ ಸದ್ದು ಕೇಳಿದರೆ ಆನೆ ಇನ್ನೂ ಕಾಡಿಗೆ ಮರಳಿಲ್ಲ ಎಂದೇ ಅರ್ಥ. ಇವತ್ತು ಸದ್ದಿಲ್ಲ. ಪೂರ್ವದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಜಿನಲ್ಲಿ ತೊಯ್ದ ಲಕ್ಕಿ ಪೊದೆಯೊಳಗೆ ಕೈ ಹಾಕುತ್ತಾರೆ. ತೀರಾ ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಸೊಪ್ಪನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ತುದಿಯಲ್ಲಿ ತೆನೆಯಂತೆ ನಿಂತ ತಿಳಿ ನೀಲಿ ಹೂಗಳನ್ನು ಮಾತ್ರ ಮುಟ್ಟುವುದಿಲ್ಲ. "ಹೂವಿನ ಮ್ಯಾಲೆ ಜೇನು ಕುಂತವೆ. ಅವಕ್ಕೂ ಹೊಟ್ಟೆ ಐತಲ್ಲಪ್ಪಾ" ಎನ್ನುತ್ತಾರೆ.

ತಮಿಳುನಾಡಿನ ಗಡಿಯಲ್ಲಿ, ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ರಾಗಿ ಹೊಲಗಳ ನಡುವೆ ಒಳಗೆ ನಡೆದರೆ ಸಿಗುವ ಊರು ಹುಣಸೆಹಟ್ಟಿ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ನೀರು ಹಾಕಲು ಅಂಜಮ್ಮನೇ ಬರಬೇಕು. ಹಂಡೆಯ ನೀರಿಗೆ ಲಕ್ಕಿ ಸೊಪ್ಪು ಹಾಕಿ, ನೀರು ಕಷಾಯದ ಬಣ್ಣಕ್ಕೆ ತಿರುಗುವವರೆಗೆ ಕುದಿಸಿ, ಹದಕ್ಕೆ ಆರಿಸಿ, ಸೊಂಟದ ಮೇಲೆ ಧಾರೆಯಾಗಿ ಸುರಿಯುವುದು ಅವರ ಕೆಲಸ. ಹೆತ್ತ ಮೈಯ ನೋವು, ಊತ, ವಾಯು ಎಲ್ಲವೂ ಆ ನೀರಿನಲ್ಲಿ ಇಳಿಯುತ್ತದೆ ಎಂಬುದು ಇಲ್ಲಿಯ ತಲೆತಲಾಂತರದ ನಂಬಿಕೆ. ಕನ್ನಡದ ಮನೆಯಲ್ಲಿ ಲಕ್ಕಿ, ತಮಿಳಿನವರಿಗೆ ನೊಚ್ಚಿ, ತೆಲುಗಿನವರಿಗೆ ವಾವಿಲಿ. ಅಂಜಮ್ಮ ಯಾವ ಮನೆಗೆ ಹೋಗುತ್ತಾರೋ ಆ ಮನೆಯ ಮಾತಿನಲ್ಲೇ ಗಿಡದ ಹೆಸರು ಹೇಳುತ್ತಾರೆ. ನೆಗಡಿಯಾದರೆ ಅದರದೇ ಹಬೆ, ತಲೆನೋವಿಗೆ ಒಣಗಿದ ಸೊಪ್ಪು ತುಂಬಿದ ದಿಂಬು, ಮಂಡಿ ಊದಿದರೆ ಬಿಸಿ ಮಾಡಿ ಕಟ್ಟಿದ ಎಲೆ. ರಾಗಿಗೆ ಹುಳ ಹಿಡಿಯದಿರಲು ಮೂಟೆಯೊಳಗೂ ಒಂದು ಹಿಡಿ.

ಈಗ ಹಳ್ಳಿಯ ಎಷ್ಟೋ ಮನೆಗಳಲ್ಲೂ ಹಂಡೆ ಒಲೆ ಹೋಗಿ ಗೀಸರ್ ಬಂದಿದೆ. "ನಲ್ಲಿ ತಿರುಗಿಸಿದ್ರೆ ಬಿಸ್ನೀರು ಬತ್ತದೆ ಅಂತಾರೆ. ಬರ್ಲಿ. ಸೊಪ್ಪು ಎಲ್ಲಿಗೆ ಹಾಕ್ಲಿ, ನಲ್ಲಿ ಒಳಿಕ್ಕಾ?" ಎಂದು ಬಾಯ್ತುಂಬ ನಗುತ್ತಾರೆ ಅಂಜಮ್ಮ. ಆಪರೇಷನ್ ಹೆರಿಗೆಯಾದವರಿಗೆ ಹೊಲಿಗೆಗೆ ನೀರು ಸೋಕಬಾರದೆಂದು ಊರಿಗೆ ಬರುವ ನರ್ಸಮ್ಮ ಹೇಳಿಕೊಟ್ಟಿದ್ದಾರೆ. ಅದನ್ನು ಅವರು ತಪ್ಪದೆ ಪಾಲಿಸುತ್ತಾರೆ.

ಅಂಜಮ್ಮನ ತವರು ಸೂಳಗಿರಿ ಕಡೆ. ಮುನಿಶಾಮಪ್ಪನವರ ಕೈಹಿಡಿದು ಈ ಊರಿಗೆ ಬಂದಾಗ ಇನ್ನೂ ಚಿಕ್ಕ ವಯಸ್ಸು. ಮೊದಲ ಕೂಸು ಹುಟ್ಟಿದಾಗಲೇ ಉಸಿರಿರಲಿಲ್ಲ. ಮನೆಯ ಗಂಡಸರು ಅದನ್ನು ಹೊಲದ ಬದಿಗೆ ಒಯ್ದು ಮಣ್ಣು ಮಾಡಿದರು. ಬಂದವರು ಬಾಗಿಲಲ್ಲೇ ಕೂತು ಎದ್ದುಹೋದರು. ಮಾರನೆಯ ಬೆಳಿಗ್ಗೆ ಅತ್ತೆ ಹಂಡೆಗೆ ಉರಿ ಹಾಕಿ, ಸೊಪ್ಪು ಕುದಿಸಿ, ಸೊಸೆಯ ರಟ್ಟೆ ಹಿಡಿದು ಬಚ್ಚಲಿಗೆ ಕರೆದೊಯ್ದರು. "ನಮ್ಮತ್ತೆ ಬಾಯಿ ಬಲು ಜೋರು. ಆ ದಿನಗಳಲ್ಲಿ ಮಾತ್ರ ಒಂದು ಮಾತೂ ಆಡ್ಲಿಲ್ಲ. ನೀರು ಹುಯ್ತಾ ಹುಯ್ತಾ ನನ್ನ ಬೆನ್ನು ಸವರೋರು. ಆ ಕೈ ಇಲ್ದಿದ್ರೆ ನಾನು ಎದ್ದು ಓಡಾಡ್ತಿದ್ದೆ ಅಂತ ನಂಗೇ ನಂಬ್ಕೆ ಇಲ್ಲ."

ಆಮೇಲೆ ಇಬ್ಬರು ಮಕ್ಕಳು ಹುಟ್ಟಿದರು, ಬೆಳೆದರು. ಅತ್ತೆಯ ಕೈಯ ಕೆಲಸ ಅಂಜಮ್ಮನ ಕೈಗೆ ಬಂತು. ಅದರ ಜೊತೆಗೆ ಅತ್ತೆ ಮಾಡದಿದ್ದ ಇನ್ನೊಂದನ್ನೂ ಅವರು ಸೇರಿಸಿಕೊಂಡರು. ಮಗು ಉಳಿಯದ ಮನೆಗೆ ಯಾರೂ ನೀರು ಹಾಕುವವಳನ್ನು ಕರೆಯುವುದಿಲ್ಲ. ಅಂಥ ಮನೆಗೆ ಅಂಜಮ್ಮ ಕರೆಯದೇ ಹೋಗುತ್ತಾರೆ.

ಹೋದ ವರ್ಷ ಹಾಗೆ ಹೋದದ್ದು ಕಮಲಮ್ಮನ ಮನೆಗೆ. ಅವರ ಸೊಸೆ ಕಲ್ಪನಾ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಚೊಚ್ಚಲ ಹೆರಿಗೆ, ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದಳು. ಬೆಳಿಗ್ಗೆ ಸೊಪ್ಪಿನ ಗಂಟು ಹಿಡಿದು ಬಂದ ಅಂಜಮ್ಮನನ್ನು ಕಮಲಮ್ಮ ಹೊಸ್ತಿಲಲ್ಲೇ ತಡೆದರು.

"ಅಂಜಕ್ಕಾ, ಕೂಸೇ ಇಲ್ದ ಮ್ಯಾಲೆ ಯಾವ ಬಾಣ್ತನ? ಅವಳ ಹೊಟ್ಟೆ ಯಾಕೆ ಇನ್ನೂ ಉರಿಸ್ತೀಯಾ?"

"ಕೂಸು ಇಲ್ದಿರ್ಬೋದು ಕಣಮ್ಮ. ಹೆತ್ತೋಳು ಅವಳೇ ಅಲ್ವಾ? ಮೈ ಹಣ್ಣಾಗಿರೋದು ಅವಳ್ದೇ ಅಲ್ವಾ?"

ಕಮಲಮ್ಮ ದಾರಿ ಬಿಡಲಿಲ್ಲ. ಅಂಜಮ್ಮನೂ ಹಿಂದೆ ಸರಿಯಲಿಲ್ಲ. ಕೊನೆಗೆ ಕಮಲಮ್ಮನೇ ಕಣ್ಣೊರೆಸಿಕೊಂಡು ಹಿತ್ತಿಲಿಗೆ ಹೋಗಿ ಸೌದೆ ತಂದರು.

ಕಲ್ಪನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿದರೆ ಎದ್ದಳು, ಕೂರಿಸಿದರೆ ಕೂತಳು. ಹೀಗೇ ಎರಡು ಬೆಳಗು ಕಳೆದವು. ಮೂರನೆಯ ದಿನ ನೀರು ಹಾಕುವಾಗ ಅವಳು ನೋವಿನಿಂದ ಹಲ್ಲು ಕಚ್ಚಿದ್ದನ್ನು ಅಂಜಮ್ಮ ಕಂಡರು. ಎದೆಯಲ್ಲಿ ಹಾಲು ಕಟ್ಟಿಕೊಂಡು ಕಲ್ಲಿನಂತಾಗಿತ್ತು. ಹೊರಗೆ ಬಂದು ಕಲ್ಪನಾಳ ಗಂಡ ದೇವರಾಜುವಿಗೆ ಹೇಳಿದರು, "ಡೆಂಕಣಿಕೋಟೆಗೆ ಹೋಗಿ ಮಲ್ಲಿಗೆ ತಗೊಂಡ್ ಬಾರಪ್ಪಾ. ಬಿಡಿ ಹೂವು. ಜಾಸ್ತೀನೇ ತಾ."

"ಈ ಮನೆಗೀಗ ಹೂವಾ?" ಎಂದು ಕಮಲಮ್ಮ ಬೆಚ್ಚಿಬಿದ್ದರು.

ಮುಡಿಯುವುದಕ್ಕಲ್ಲ. ಮಲ್ಲಿಗೆಯನ್ನು ಎದೆಗೆ ಕಟ್ಟಿದರೆ ಹಾಲು ಇಂಗುತ್ತದೆಂದು ಅತ್ತೆ ಮಾಡಿದ್ದನ್ನೇ ಅಂಜಮ್ಮ ಮಾಡಿದರು. ಹೂವನ್ನು ಬಟ್ಟೆಯಲ್ಲಿ ಹರಡಿ ಮೆತ್ತಗೆ ಕಟ್ಟುತ್ತಿದ್ದಾಗ ಕಲ್ಪನಾ ಮೊದಲ ಸಲ ಬಾಯಿಬಿಟ್ಟಳು.

"ಅಜ್ಜಿ, ಕುಡಿಯೋಕೆ ಯಾರೂ ಇಲ್ಲ ಅಂತ ಇದಕ್ಕೆ ಗೊತ್ತಿಲ್ವಾ?"

"ಮೈಗೆ ಯಾರು ಹೇಳ್ತಾರೆ ಮಗಾ? ಅದು ನಿಧಾನಕ್ಕೆ ತಿಳ್ಕೊಂತದೆ."

ಕಲ್ಪನಾ ಅಂಜಮ್ಮನ ಹೆಗಲಿಗೆ ಹಣೆಯೊತ್ತಿ ಅತ್ತಳು. ಬಾಗಿಲಾಚೆ ನಿಂತಿದ್ದ ಕಮಲಮ್ಮ ಒಳಗೆ ಬಂದು ಸೊಸೆಯ ಪಕ್ಕದಲ್ಲಿ ಕೂತರು. ಆಸ್ಪತ್ರೆಯಿಂದ ಬಂದ ಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಮರುದಿನ ಹುಡುಗಿಯ ಮೈ ಕಾದ ಹೆಂಚಿನಂತಿತ್ತು. ಕಮಲಮ್ಮ ಹಂಡೆಗೆ ಆಗಲೇ ಉರಿ ಹಾಕಿದ್ದರು. ಅಂಜಮ್ಮ ಸೊಪ್ಪಿನ ಗಂಟು ಬಿಚ್ಚಲೇ ಇಲ್ಲ. "ಇದು ಸೊಪ್ಪಿಗೆ ಬಗ್ಗೋ ಜ್ವರ ಅಲ್ಲ ಕಣಮ್ಮ. ಆಟೋ ಕರೀರಿ" ಎಂದು ಅವಸರಪಡಿಸಿ, ತಾವೂ ಆಟೋ ಹತ್ತಿ, ದೊಡ್ಡಾಸ್ಪತ್ರೆಯ ವರಾಂಡದಲ್ಲಿ ಸಂಜೆಯವರೆಗೂ ಕಮಲಮ್ಮನ ಜೊತೆ ಕಾದರು. ನಂಜಾಗಿತ್ತು. ಇನ್ನು ತಡ ಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ವಾರದ ಮೇಲೆ ಕಲ್ಪನಾ ಮನೆಗೆ ಬಂದಳು. ಸ್ನಾನ ಮಾಡಿಸಬಹುದೇ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಂಡ ಮೇಲಷ್ಟೇ ಅಂಜಮ್ಮ ಮತ್ತೆ ಹಂಡೆಯ ಮುಂದೆ ಕೂತರು.

ಇದಕ್ಕೆ ಅಂಜಮ್ಮ ತೆತ್ತದ್ದೂ ಉಂಟು. ಅದೇ ಹೊತ್ತಿಗೆ ಊರಿನ ಇನ್ನೊಂದು ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು. ನೀರು ಹಾಕಲು ಮೊದಲೇ ಹೇಳಿಯೂ ಇದ್ದರು. ಸತ್ತ ಕೂಸಿನ ಮನೆಗೆ ಹೋಗಿ ಬಂದ ಕೈ ತಮ್ಮ ಮಗುವನ್ನು ಮುಟ್ಟುವುದು ಬೇಡವೆಂದು ಬೇರೆಯವರನ್ನು ಕರೆಸಿಕೊಂಡರು. ಆ ಮನೆಯವರು ಇವತ್ತಿಗೂ ಅಂಜಮ್ಮನನ್ನು ಕರೆದಿಲ್ಲ. "ಬ್ಯಾಸ್ರ ಆಯ್ತು, ಸುಳ್ಯಾಕೆ ಹೇಳ್ಲಿ? ಆ ಬೀದೀಲಿ ಹೋಗುವಾಗ ಮಗು ಅಳೋದು ಕೇಳಿದ್ರೆ ಕೈ ಎಲ್ಲಾ ಚಡಪಡಿಸ್ತದೆ. ಅವರ ಭಯ ಅವರ್ದು. ಮಗು ಚೆನ್ನಾಗೈತೆ, ಸಾಕು." ಮುನಿಶಾಮಪ್ಪ ಮಾತ್ರ ಹೆಂಡತಿಯ ಪರವಾಗಿ ಇನ್ನೂ ಮುನಿಸಿಕೊಂಡಿದ್ದಾರೆ. ಆ ಮನೆಯವರು ಎದುರಾದರೆ ದಾರಿ ಬದಲಿಸುತ್ತಾರೆ.

ಕಲ್ಪನಾ ಈಗ ಮತ್ತೆ ಕಂಪನಿ ಬಸ್ಸು ಹತ್ತುತ್ತಾಳೆ. ಕಳೆದ ತಿಂಗಳು ಪಕ್ಕದ ಹಳ್ಳಿಯಲ್ಲಿ ಸಹನಾ ಎಂಬ ಹುಡುಗಿಯ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು. ಸುದ್ದಿ ಕೇಳಿದ ಅಂಜಮ್ಮ ಬೆಳಿಗ್ಗೆ ಹೊರಟಾಗ ಕಲ್ಪನಾ ರಸ್ತೆಯಲ್ಲಿ ಕಾಯುತ್ತಿದ್ದಳು. ಅವತ್ತು ಅವಳಿಗೆ ವಾರದ ರಜೆ.

"ಅಜ್ಜಿ, ನಾನೂ ಬತ್ತೀನಿ."

"ತಡ್ಕೊಂತೀಯಾ ಮಗಾ?"

"ಗೊತ್ತಿಲ್ಲ. ಬತ್ತೀನಿ."

ಆ ಮನೆಯ ಬಚ್ಚಲಲ್ಲಿ ತಂಬಿಗೆ ಹಿಡಿದ ಕಲ್ಪನಾ ಮೊದಲು ನೀರನ್ನು ಅತ್ತಿತ್ತ ಚೆಲ್ಲಿದಳು. ಅಂಜಮ್ಮ ತಂಬಿಗೆ ಕಿತ್ತುಕೊಳ್ಳಲಿಲ್ಲ, ಹೀಗೆ ಹಾಕು ಹಾಗೆ ಹಾಕು ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಸಣ್ಣ ಧಾರೆಯಾಗಿ ಸಹನಾಳ ಬೆನ್ನಿನ ಮೇಲೆ ಇಳಿಯತೊಡಗಿತು. ಕಲ್ಪನಾಳ ಇನ್ನೊಂದು ಕೈ ತಾನಾಗಿಯೇ ಆ ಬೆನ್ನು ಸವರುತ್ತಿತ್ತು. ಅಂಜಮ್ಮ ಮೆಲ್ಲಗೆ ಹೊರಗೆ ಬಂದು ಒಲೆಯ ಮುಂದೆ ಕೂತರು.

ಇವತ್ತು ಬೇರೊಂದು ಮನೆಯಲ್ಲಿ ಲಕ್ಕಿ ನೀರು ಕುದಿಸುತ್ತಾ ಕೂತಿರುವ ಅವರನ್ನು, ನಿಮ್ಮ ಆಸೆ ಏನೆಂದು ಕೇಳಿದರೆ ಒಲೆಯ ಸೌದೆಯನ್ನು ಹಿಂದಕ್ಕೆಳೆಯುತ್ತಾರೆ. "ನಂಗೇನು ಬೇಕು? ಕೂಸು ಉಳೀಲಿ, ಬಿಡ್ಲಿ, ಹೆತ್ತೋಳಿಗೆ ಬಿಸ್ನೀರು ತಪ್ಪಬಾರ್ದು. ಅಷ್ಟೇ ಕಣಪ್ಪಾ" ಎನ್ನುತ್ತಾ ಏಳುತ್ತಾರೆ. ಒಳಗಿನಿಂದ ಮಗು ಅಳುವ ಸದ್ದು ಬರುತ್ತಿದೆ. ಇವತ್ತಿನ ಮನೆಯ ಬಾಣಂತಿ ಎಣ್ಣೆ ಹಚ್ಚಿಕೊಂಡು ಕಾದು ಕೂತಿದ್ದಾಳೆ.