ಬಾಡಿದ ಗರಿಕೆ

ಕೊಬ್ಬರಿ ಎಣ್ಣೆಯಲ್ಲಿ ಗರಿಕೆ ಕುದಿಯುವ ವಾಸನೆಯನ್ನು ನಾನೀಗ ವಡೋದರಾದ ಪ್ರಯೋಗಾಲಯವೊಂದರಲ್ಲಿ ಬೇಕೆಂದೇ ಎಬ್ಬಿಸುತ್ತೇನೆ. ಮೊದಲು ಹಸಿ ಹುಲ್ಲು, ಆಮೇಲೆ ಸೀದ ಕೊಬ್ಬರಿ, ಅದರ ಬೆನ್ನಿಗೇ ದೊಡ್ಡಪ್ಪನ ಹೋಟೆಲಿನ ಅಡುಗೆಮನೆ. ಇದೇ ಊರಿನಲ್ಲಿತ್ತು ಅದು. ಕೆಳಗೆ ದೋಸೆ ಕಾವಲಿ, ಅಟ್ಟದಲ್ಲಿ ನಾವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಉಡುಪಿಯಿಂದ ಬಂದು ಅಲ್ಲಿ ವಡೆ ಕರಿಯುತ್ತಿದ್ದಳು. ಗಲ್ಲಾದ ಮೇಲಿನ ಗಣಪತಿಗೆ ಏರಿಸಿದ ಗರಿಕೆ ಬಾಡಿದರೆ ದೊಡ್ಡಪ್ಪ ಎಸೆಯುತ್ತಿರಲಿಲ್ಲ. ಎಣ್ಣೆಗೆ ಹಾಕಿ ಕುದಿಸಿ ಬಾಟಲಿಗೆ ತುಂಬುತ್ತಿದ್ದ. ಸುಟ್ಟ ಗಾಯಕ್ಕೆಲ್ಲ ಅದೇ ಮದ್ದು. ನಿಮ್ಮ ಮನೆಯಲ್ಲೂ ಇಂಥದೊಂದು ಬಾಟಲಿ ಇದ್ದಿರಬಹುದು, ನೀವದನ್ನು ಪ್ರೀತಿಯಿಂದ ನೆನೆಯುತ್ತಿರಬಹುದು.

ಒಂದು ನವರಾತ್ರಿಯಲ್ಲಿ, ಗರ್ಬಾ ಕುಣಿತ ಮುಗಿಸಿ ಬರುವ ಗಿರಾಕಿಗಳಿಂದಾಗಿ ಕಾವಲಿ ಆರದ ದಿನಗಳಲ್ಲಿ, ಕಾದ ಬಾಣಲೆ ಅಮ್ಮನ ಕೈ ಮೇಲೆ ಮಗುಚಿತು. ಬಲಗೈಯೋ ಎಡಗೈಯೋ, ನೆನಪು ಒಮ್ಮೊಮ್ಮೆ ಒಂದೊಂದು ಹೇಳುತ್ತದೆ. ದೊಡ್ಡಪ್ಪ ಎಣ್ಣೆ ಸವರಿದ. "ಆಸ್ಪತ್ರೆ ಎಂತಕ್ಕೆ ಮಾರಾಯ್ತಿ? ನವರಾತ್ರಿ ಮುಗೀಲಿ, ಹೋಗುವ." ಜ್ವರದಲ್ಲೂ ಅಮ್ಮ ಒಂದೇ ಕೈಯಲ್ಲಿ ವಡೆ ತಟ್ಟಿದಳು. ಹಬ್ಬ ಮುಗಿಯುವಷ್ಟರಲ್ಲಿ ಕೀವು ಮೈಗೆಲ್ಲ ವಿಷವೇರಿಸಿತ್ತು, ಅಮ್ಮ ಉಳಿಯಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ದೊಡ್ಡಪ್ಪ ಹೇಳಿದ್ದು ಒಂದೇ: "ಈ ಸಲ ಗರಿಕೆ ಬಾಡಿದ್ದು ಜಾಸ್ತಿಯಾಯ್ತು. ಎಣ್ಣೆ ಕೈಕೊಟ್ಟಿತು."

ನಾನು ಔಷಧಶಾಸ್ತ್ರ ಓದಿದ್ದು ಆ ಮಾತಿಗಾಗಿ. ನನ್ನ ನೆನಪನ್ನು ನಂಬಲಾರೆ, ಇಲಿಗಳನ್ನು ನಂಬಬಹುದು. ಅವುಗಳ ಬೆನ್ನಿನ ಮೇಲೆ ಸಣ್ಣ ಗಾಯ ಮಾಡಿ ಕೆಲವಕ್ಕೆ ಬರೀ ಕೊಬ್ಬರಿ ಎಣ್ಣೆ, ಕೆಲವಕ್ಕೆ ಗರಿಕೆ ಎಣ್ಣೆ ಹಚ್ಚಿದೆ. ಗರಿಕೆಯನ್ನು ಬೇಕೆಂದೇ ಚೆನ್ನಾಗಿ ಬಾಡಿಸಿದ್ದೆ. ಆದರೂ ಗರಿಕೆ ಎಣ್ಣೆ ಹಚ್ಚಿದ ಗಾಯಗಳೇ ಬೇಗ ಮುಚ್ಚಿಕೊಂಡವು. "ಅಂಕಲ್ ಕಾ ತೇಲ್ ಪಾಸ್ ಹೋ ಗಯಾ, ಪಾರ್ಟಿ ಯಾವಾಗ?" ಎಂದು ದೊಡ್ಡಪ್ಪನ ಎಣ್ಣೆ ಗೆದ್ದದ್ದಕ್ಕೆ ನಕ್ಕಳು ಜೊತೆಗೆ ಕೆಲಸ ಮಾಡುವ ಹೇತಲ್. ನಾನು ಇದನ್ನೆಲ್ಲ ಅಕ್ಕರೆಯಿಂದ ಮಾಡುತ್ತಿದ್ದೇನೆಂದು ತಿಳಿದಿದ್ದಳು.

ಹೋಟೆಲಿದ್ದಲ್ಲಿ ಈಗ ಮೊಬೈಲ್ ಅಂಗಡಿ. ದೊಡ್ಡಪ್ಪ ಅಹಮದಾಬಾದಿನ ವಸ್ತ್ರಾಪುರದಲ್ಲಿ, ಮಗನ ಮನೆಯಲ್ಲಿದ್ದಾನೆ. ಭಾನುವಾರ ಹೋದೆ.

"ನನ್ನ ಎಣ್ಣೆ ಪರೀಕ್ಷೆ ಮಾಡಿದಿಯಂತೆ. ಬಾಡಿದ್ದು ಆಗುದಿಲ್ಲ ಅಲ್ವಾ ಮಗಾ?"

"ಆಗ್ತದೆ ದೊಡ್ಡಪ್ಪ. ನಿಮ್ಮ ಎಣ್ಣೆಯದು ಏನೂ ತಪ್ಪಿಲ್ಲ."

ಅವನ ಮುಖ ಅರಳಿತು. ಆಮೇಲೆ, ನಾನು ಇಷ್ಟು ವರ್ಷ ಕಾದಿದ್ದ ಹಾಗೆಯೇ, ತಪ್ಪು ಎಣ್ಣೆಯದಲ್ಲದಿದ್ದರೆ ಯಾರದೆಂದು ಅವನಿಗೆ ನಿಧಾನಕ್ಕೆ ಅರ್ಥವಾಯಿತು. ಇಲಿಯ ಬೆನ್ನಿನ ಶುಭ್ರವಾದ ಸಣ್ಣ ಗಾಯ ಅಮ್ಮನ ಬೆಂದ ಕೈಯಲ್ಲ ಎಂಬುದನ್ನು ನಾನು ಹೇಳಲಿಲ್ಲ. ಅವನು ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳತೊಡಗಿದ.

ವಾಪಸಾಗುವಾಗ ಬಸ್ಸಿನಲ್ಲಿ ನನ್ನ ಕೈ ಮೂಸಿದೆ. ಗರಿಕೆ, ಕೊಬ್ಬರಿ. ಅಮ್ಮ ನನ್ನ ತಲೆ ನೇವರಿಸುತ್ತಿದ್ದ ಕೈ ಯಾವುದು ಎಂಬುದು ಮಾತ್ರ ಆಗಲೂ ನೆನಪಾಗಲಿಲ್ಲ.